142857ರಲ್ಲಿ ಎಂತ ಉಂಟು ಅಂತ ಕೇಳುವವರಿಗೆ

ಉಡುಪಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಟ್ಯೂಷನ್ ಕೊಡ್ತೇನೆ, ಹಾಗಾಗಿ ಮಕ್ಕಳು, ಅವರ ಅಪ್ಪ ಅಮ್ಮ, ಮದುವೆ ಊಟಕ್ಕೆ ಕೂತಾಗ ಪಕ್ಕದವರು, ಎಲ್ಲರೂ ಕೇಳುದು ಒಂದೇ: "ಟೀಚರ್, ಈ 142857 ಅಂತ ವಾಟ್ಸಾಪಲ್ಲಿ ಬರ್ತದಲ್ಲಾ, ಅದರಲ್ಲಿ ಎಂತ ಶಕ್ತಿ ಉಂಟು?"

ಗೊತ್ತಿಲ್ಲದವರಿಗೆ ಹೇಳುದಾದ್ರೆ, ಅದನ್ನು 2ರಿಂದ ಗುಣಿಸಿದ್ರೆ 285714, 3ರಿಂದ 428571, 4ರಿಂದ 571428, 5ರಿಂದ 714285, 6ರಿಂದ 857142. ಅದೇ ಆರು ಅಂಕಿ, ಅದೇ ಕ್ರಮ, ಶುರುವಾಗುವ ಜಾಗ ಮಾತ್ರ ಬೇರೆ. 7ರಿಂದ ಗುಣಿಸಿದ್ರೆ ಒಮ್ಮೆಲೇ 999999.

ಶಕ್ತಿ ಇರುದು ಭಾಗಾಕಾರದಲ್ಲಿ ಮಾರಾಯ್ರೆ. ಒಂದು ಪೇಪರ್ ತಕೊಂಡು 1ನ್ನು 7ರಿಂದ ಭಾಗಿಸ್ತಾ ಹೋಗಿ, ಕ್ಯಾಲ್ಕುಲೇಟರ್ ಬೇಡ. 0.142857142857 ಅಂತ ಬರ್ತಾ ಇರ್ತದೆ, ಆದ್ರೆ ನೀವು ಉತ್ತರ ನೋಡ್ಬೇಡಿ, ಪ್ರತಿ ಸಲ ಉಳಿಯುವ ಶೇಷ ನೋಡಿ. 10ರಲ್ಲಿ 7 ಹೋಗಿ 3, 30ರಲ್ಲಿ 28 ಹೋಗಿ 2, ಮತ್ತೆ 6, 4, 5, ಕಡೆಗೆ 1, ಅಂದ್ರೆ ಹೊರಟಲ್ಲಿಗೇ ಬಂತು. 7ರಿಂದ ಭಾಗಿಸುವಾಗ ಸೊನ್ನೆ ಬಿಟ್ರೆ ಬರ್ಲಿಕ್ಕೆ ಸಾಧ್ಯ ಇರುವ ಶೇಷ ಆರೇ, ಆ ಆರೂ ಒಂದೂ ತಪ್ಪದೆ ಬಂದು ಹೋದುವು. ಈಗ 2ನ್ನು 7ರಿಂದ ಭಾಗಿಸಿದ್ರೆ ಹೊಸ ದಾರಿ ಯಾವುದೂ ಇಲ್ಲ, ಅದೇ ಸುತ್ತಿಗೆ ಶೇಷ 2 ಇರುವಲ್ಲಿಂದ ಸೇರಿಕೊಳ್ಳುದು ಅಷ್ಟೆ. ರಥಬೀದಿಗೆ ಯಾವ ಮಠದ ಎದುರಿಂದ ಇಳಿದ್ರೂ ಒಂದೇ ಸುತ್ತು, ಮಠಗಳು ಸಿಗುವ ಕ್ರಮವೂ ಒಂದೇ, ಹಾಗೆ.

ಇದು ಅರ್ಥ ಆದ್ರೆ ಉಳಿದದ್ದು ತಾನಾಗಿ ಬರ್ತದೆ. ಮಧ್ಯದಲ್ಲಿ ತುಂಡು ಮಾಡಿ ಕೂಡಿಸಿ, 142+857=999. ಯಾಕೆ ಅಂದ್ರೆ ಮೂರು ಹೆಜ್ಜೆ ಆದ ಮೇಲೆ ಶೇಷ 6, ಶುರುವಲ್ಲಿ ಇದ್ದದ್ದು 1, ಎರಡೂ ಸೇರಿದ್ರೆ 7, ಅಂದ್ರೆ 1/7ರ 0.142857... ಮತ್ತು 6/7ರ 0.857142... ಕೂಡಿದ್ರೆ ಪೂರ್ತಿ 1, ಅದೇ 0.999999... ಫ್ರಾನ್ಸಿನ ಮಿದಿ ಅನ್ನುವವರು 1836ರಲ್ಲೇ ಇದನ್ನು ಇಂಥ ಎಲ್ಲಾ ಭಿನ್ನರಾಶಿಗಳಿಗೂ ಸೇರಿಸಿ ಸಾಧಿಸಿದ್ರು. ವರ್ಗ ಮಾಡಿದ್ರೆ 20408122449, ಅದನ್ನು 20408 ಮತ್ತು 122449 ಅಂತ ಬಿಡಿಸಿ ಕೂಡಿಸಿದ್ರೆ ಪುನಃ 142857, ಇದು ನನಗೆ ಎಷ್ಟು ಸಲ ನೋಡಿದ್ರೂ ಖುಷಿ ಕೊಡುವಂಥದ್ದು.

ಹಾಗಂತ ಎಲ್ಲಾ ಅವಿಭಾಜ್ಯ ಸಂಖ್ಯೆಯೂ ಹೀಗಲ್ಲ. 13 ತಕೊಂಡ್ರೆ 0.076923, ಹನ್ನೆರಡು ಶೇಷ ಆರಾರಾಗಿ ಎರಡು ಪಾಲಾಗ್ತದೆ, 2ರಿಂದ ಗುಣಿಸಿದ್ರೆ 153846, ಬೇರೆಯೇ ಅಂಕಿಗಳು. 17ಕ್ಕೆ ಆಗ್ತದೆ, 0588235294117647, ಹದಿನಾರು ಅಂಕಿ, ಮುಂದಿನ ಸೊನ್ನೆ ಬಿಡ್ಲಿಕ್ಕಿಲ್ಲ, ಬಿಟ್ರೆ ಸುತ್ತು ತಪ್ತದೆ. 19, 23, 29ಕ್ಕೂ ಆಗ್ತದೆ, 31ಕ್ಕೆ ಇಲ್ಲ. ಇನ್ನೊಂದು, ನಾವು ಹತ್ತತ್ತಾಗಿ ಎಣಿಸುವ ಕಾರಣ ಮಾತ್ರ ಇದೆಲ್ಲ, ಎಂಟೆಂಟಾಗಿ ಎಣಿಸ್ತಿದ್ರೆ ಏಳನೇ ಒಂದು ಬರೀ 0.1111 ಆಗ್ತಿತ್ತು.

ಮಕ್ಕಳಿಗೆ ನಾನು ಕಡೆಗೆ ಹೇಳುದು ಆರ್ಟಿನ್ ಅನ್ನುವ ಗಣಿತಜ್ಞರ ವಿಷಯ. 7, 17, 19ರ ಹಾಗೆ ಪೂರ್ತಿ ಸುತ್ತು ಹಾಕುವ ಅವಿಭಾಜ್ಯಗಳು ಮುಗಿಯುದೇ ಇಲ್ಲ, ಅನಂತ ಇವೆ ಅಂತ ಎಮಿಲ್ ಆರ್ಟಿನ್ ಅವರ 1927ರ ಊಹೆಯಿಂದ ಬರ್ತದೆ. ಈವರೆಗೆ ಯಾರಿಗೂ ಅದನ್ನು ಪ್ರೂವ್ ಮಾಡ್ಲಿಕ್ಕೆ ಆಗ್ಲಿಲ್ಲ.