ಕರಿಹಲಗೆಯ ಮೂಲೆಯಲ್ಲಿ ಲಿಂಗನಮಕ್ಕಿ

ಸಾಗರ ಸೀಮೆಯ ನಮ್ಮ ಹೈಸ್ಕೂಲಿನಲ್ಲಿ ಕರಿಹಲಗೆಯ ಬಲಮೂಲೆಗೆ ದಿನಾಂಕ, ಹಾಜರಿ ಬರೆದ ಮೇಲೆ ಇನ್ನೊಂದು ಅಂಕಿಯನ್ನೂ ಬರೆಯಬೇಕಿತ್ತು: ಕರೆಂಟು ತಯಾರಿಸಲೆಂದು ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಜಲಾಶಯದ ನೀರಿನ ಮಟ್ಟ. ಬಸ್ಸಿಗೆ ಬಂದ ಪೇಪರು ನೋಡಿ ಕ್ಲಾಸ್ ಲೀಡರ್ ಬರೆಯುತ್ತಿದ್ದ. ಪೂರ್ಣ ಮಟ್ಟ 1819 ಅಡಿ ಎಂಬುದು ಎಲ್ಲರಿಗೂ ಬಾಯಿಪಾಠ. ಆಷಾಢದ ಮಳೆಗೆ ಅಂಕಿ ಏರುತ್ತಿತ್ತು. ಪರೀಕ್ಷೆ ಹತ್ತಿರವಾದಂತೆ ಅದು ಇಳಿದು, ಲೋಡ್ ಶೆಡ್ಡಿಂಗ್ ಏರುತ್ತಿತ್ತು. ಎರಡಕ್ಕೂ ಇರುವ ನಂಟನ್ನು ವಿಜ್ಞಾನದ ಮೇಷ್ಟ್ರು ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ.

ಡಿಸೆಂಬರ್ 14ರ ಇಂಧನ ಸಂರಕ್ಷಣಾ ದಿನಕ್ಕೆ ಪ್ರಬಂಧ, ಘೋಷಣೆ ಸ್ಪರ್ಧೆಗಳಿದ್ದವು. ಬಹುಮಾನ ಸ್ಟೀಲ್ ಲೋಟ. ಅದರಿಂದ ಯಾರಾದರೂ ಒಂದು ದೀಪ ಆರಿಸಿದ್ದನ್ನು ನಾನಂತೂ ಕಾಣೆ. ನಾವು ಕಲಿತದ್ದೇನಿದ್ದರೂ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ, ಮೀಟರ್ ಬೋರ್ಡಿನ ಮುಂದೆ ನಿಂತು.

ಮೇಷ್ಟ್ರು ಮೊದಲು ಹುಡುಗರನ್ನು ಓಡಿಸಿ ಶಾಲೆಯ ಎಲ್ಲ ಸ್ವಿಚ್ಚು ಆರಿಸಿಸುತ್ತಿದ್ದರು. ಗಾಜಿನೊಳಗಿನ ಅಲ್ಯೂಮಿನಿಯಂ ತಟ್ಟೆ ನಿಧಾನವಾಗಿ ನಿಲ್ಲುತ್ತಿತ್ತು. 600 ಸುತ್ತಿಗೆ ಒಂದು ಯೂನಿಟ್ ಎಂದು ಮೀಟರಿನ ಮೇಲೇ ಅಚ್ಚಾಗಿತ್ತು. ಒಂದು 60 ವ್ಯಾಟಿನ ಬಲ್ಬ್ ಹಾಕಿದರೆ ತಟ್ಟೆಯ ಅಂಚಿನ ಕಪ್ಪು ಗುರುತು ಮತ್ತೆ ಕಣ್ಣಿಗೆ ಬೀಳಲು 100 ಸೆಕೆಂಡು. ಕಾದು ಕಾದು ಆಕಳಿಕೆ ಬರುತ್ತಿತ್ತು. ಆಮೇಲೆ ಟವೆಲಿನಲ್ಲಿ ಸುತ್ತಿ ಮನೆಯಿಂದ ತಂದ 750 ವ್ಯಾಟಿನ ಇಸ್ತ್ರಿಪೆಟ್ಟಿಗೆ ಹಚ್ಚುತ್ತಿದ್ದರು. ಎಂಟೇ ಸೆಕೆಂಡಿಗೆ ಒಂದು ಸುತ್ತು! ತಟ್ಟೆ ಬುಗುರಿಯಂತೆ ಓಡಿತೆಂದು ನಾವು ಕೇಕೆ ಹಾಕಿದರೆ, "ಅದು ನೀರು ಕಣ್ರೋ ಓಡ್ತಿರೋದು. ನೀವು ಆರಿಸಿದ ಕರೆಂಟು ತಂತೀಲಿ ಕೂತಿರಲ್ಲ. ಅಣೆಕಟ್ಟಲ್ಲಿ ನೀರು ಕೂತಿರುತ್ತೆ, ಬೇಸಗೆಗೆ ಆಗುತ್ತೆ" ಎನ್ನುತ್ತಿದ್ದರು. ಶರಾವತಿಯ ನೀರು ಟರ್ಬೈನಿಗೆ ಬೀಳುವುದನ್ನು ಪುಸ್ತಕದ ಚಿತ್ರದಲ್ಲಿ ನೋಡಿದ್ದೆವು. ಮೀಟರಿನಲ್ಲಿ ಅದು ಕಂಡದ್ದು ಅವತ್ತೇ.

ಮನೆಯ ಮೀಟರನ್ನು ಒಂದು ವಾರ ಬರೆದು ತನ್ನಿ ಎಂದಾಗ ಒಬ್ಬ ಎದ್ದು ನಿಂತ. ಹಿನ್ನೀರಿನಾಚೆಯಿಂದ ಲಾಂಚಿನಲ್ಲಿ ಬರುತ್ತಿದ್ದ ಹುಡುಗ, ಅಜ್ಜನ ಕಾಲಕ್ಕೆ ಮುಳುಗಡೆಯಾಗಿ ಎದ್ದುಬಂದ ಮನೆಯವನು.

"ನಮ್ಮೂರಿಗೆ ಕಂಬಾನೇ ಬಂದಿಲ್ಲ ಸಾರ್. ಗದ್ದೆ ಮುಳುಗಿಸಿಕೊಂಡಿದ್ದೂ ನಾವೇ, ಕರೆಂಟ್ ಉಳಿಸೋದೂ ನಾವೇನಾ?"

ಯಾರೋ ನಕ್ಕರು. ಮೇಷ್ಟ್ರು ನಗಲಿಲ್ಲ. "ಅಲ್ಲ ಮಾರಾಯ. ಉಳಿಸ್ಬೇಕಾದೋರು ಇವ್ರು" ಎಂದು ನಮ್ಮತ್ತ ಕೈ ಮಾಡಿದರು. ಅವನಿಗೆ ಸೀಮೆಎಣ್ಣೆಯ ಲೆಕ್ಕ ಬರೆಯಲು ಹೇಳಿದರು.

ಅವನು ರೇಷನ್ ಸೀಮೆಎಣ್ಣೆಯ ಬಾಟಲಿಗೆ ಕಾಗದದ ಪಟ್ಟಿ ಅಂಟಿಸಿ, ಪ್ರತಿ ರಾತ್ರಿ ಲಾಟೀನಿಗೆ ತುಂಬಿದಷ್ಟಕ್ಕೆ ಗೆರೆ ಎಳೆದಿದ್ದ. ಬಾಯಿಪಾಠ ಮಾಡುವಾಗ ಬತ್ತಿ ಇಳಿಸುವುದು, ಬರೆಯುವಾಗಷ್ಟೇ ಏರಿಸುವುದು, ಅಕ್ಕ ಅಡುಗೆಮನೆಗೆ ದೀಪ ಒಯ್ದಾಗ ಮಗ್ಗಿ ಹೇಳಿಕೊಳ್ಳುವುದು, ಎಲ್ಲ ಬರೆದಿದ್ದ. ಅದನ್ನು ಕೇಳಿದ ಮೇಲೆ ನಮ್ಮ ಯೂನಿಟ್ಟಿನ ಲೆಕ್ಕಗಳು ತೀರಾ ಸಪ್ಪೆ. ಇಂಧನ ಉಳಿಸಿ ಎಂದು ಎಲ್ಲರಿಗೂ ಒಂದೇ ಉಪದೇಶ ಕೊಡುವವರನ್ನು ಕಂಡರೆ ನನಗೆ ಈಗಲೂ ಕಿರಿಕಿರಿ. ಯಾರ ಮನೆಯಲ್ಲಿ ಎಷ್ಟು ಉರಿಯುತ್ತದೆಂದು ನೋಡದೆ ಏನು ಹೇಳುವುದು?

ಈಗ ಶಾಲೆಗೆ ಡಿಜಿಟಲ್ ಮೀಟರ್ ಬಂದಿದೆಯಂತೆ. ತಟ್ಟೆ ಇಲ್ಲದಿದ್ದರೇನು, ಮಿಣುಕುವ ಕೆಂಪು ದೀಪ ಇರುತ್ತದೆ. ಮೀಟರಿನ ಮೇಲೆ 3200 ಎಂದಿದ್ದರೆ ಅಷ್ಟು ಮಿಣುಕಿಗೆ ಒಂದು ಯೂನಿಟ್. 75 ವ್ಯಾಟಿನ ಹಳೇ ಫ್ಯಾನೊಂದೇ ತಿರುಗುತ್ತಿದ್ದರೆ 15 ಸೆಕೆಂಡಿಗೊಮ್ಮೆ ಮಿಣುಕಬೇಕು, 30 ವ್ಯಾಟಿನ ಹೊಸದಾದರೆ 37 ಸೆಕೆಂಡು ದಾಟುತ್ತದೆ. ಈಗಿನ ಮಕ್ಕಳು ಮೇಷ್ಟ್ರನ್ನು ಕೇಳಿ, ಅವರನ್ನು ಜೊತೆಗಿಟ್ಟುಕೊಂಡೇ ಅಳೆದು ನೋಡಿ. ಶುರು ಮಾಡುವುದಾದರೆ ಸ್ಟಾಫ್ ರೂಮಿನ ಫ್ಯಾನಿನಿಂದ ಮಾಡಿ. ನಾವು ಹಾಗೆ ಕೇಳಿದಾಗ ನಮ್ಮ ಮೇಷ್ಟ್ರು ಬೇಡ ಅಂದಿರಲಿಲ್ಲ.