ಬ್ಲೂಸ್ ಹಾಡೋರಿಗೆ ಗುರು ಯಾರು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಭಾನುವಾರ ಬೆಳಿಗ್ಗೆ ನಮ್ಮನೇಲಿ ಬ್ಲೂಸ್, ಅಂದ್ರೆ ಅಮೆರಿಕದ ಕಪ್ಪುಜನರ ಹಾಡುಗಳು, ಓಡ್ತಿರುತ್ತೆ. ಮನೆಗೆ ಯಾರೇ ಬಂದ್ರೂ ಕಾಫಿ ಲೋಟ ಕೈಗೆ ಸಿಗೋದ್ರೊಳಗೆ ಅದೇ ಪ್ರಶ್ನೆ, ಇವ್ರೆಲ್ಲ ಯಾರ ಹತ್ರ ಕಲಿತಿದ್ದು ಅಂತ. ನಮ್ಮ ಅತ್ತೆ ಅಂದ್ರೆ ಅಪ್ಪನ ತಂಗಿ, ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಪಾಸ್ ಮಾಡಿರೋರು, ಗಮಕ ಒಂಚೂರು ಜಾರಿದ್ರೂ ಮುಖ ಸಿಂಡರಿಸೋರು, ಅವ್ರು ಇನ್ನೂ ನೇರ: "ಈ ಅಜ್ಜಿ ಯಾರ ಶಿಷ್ಯೆಯೋ?"

"ಸೆಲ್ಫ್ ಟಾಟ್ ಅತ್ತೆ, ಅವ್ರೇ ಕಲಿತಿದ್ದು" ಅಂತ ಎಷ್ಟೋ ವರ್ಷ ಹೇಳ್ಕೊಂಡು ಬಂದೆ. ರೆಕಾರ್ಡಿನ ಹಿಂದೆ ಹಾಗೇ ಬರೆದಿರ್ತಾರಲ್ಲ, ಅದನ್ನೇ ಒಪ್ಪಿಸ್ತಿದ್ದೆ ಅಷ್ಟೇ. ಈಗ ಅದು ಸೋಮಾರಿ ಉತ್ತರ ಅನ್ಸುತ್ತೆ. ಒಬ್ಬೊಬ್ಬರ ಕಥೇನೂ ಓದ್ತಾ ಹೋದ್ರೆ ಒಬ್ರೂ ಒಬ್ಬೊಬ್ರೇ ಕೂತು ಕಲಿತವರಲ್ಲ, ಹಾಗಂತ ಯಾರೂ ಕೂರಿಸಿ ಹೇಳಿಕೊಟ್ಟಿದ್ದೂ ಅಲ್ಲ. ಕದ್ದು ಕಲಿತವರೇ ಜಾಸ್ತಿ.

ಅತ್ತೆ ಕೇಳಿದ ಆ ಅಜ್ಜಿಯಿಂದಲೇ ಶುರು ಮಾಡ್ತೀನಿ. ಎಲಿಜಬೆತ್ ಕಾಟನ್. ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ, ಚಾಪಲ್ ಹಿಲ್ ಹತ್ರ ಹುಟ್ಟಿದವರು. ಅಣ್ಣನ ಹತ್ರ ಒಂದು ಬ್ಯಾಂಜೋ (ಗಿಟಾರ್ ಥರದ್ದೇ ತಂತಿ ವಾದ್ಯ) ಇತ್ತು, ಮುಟ್ಟಂಗಿಲ್ಲ. ಅಣ್ಣ ಕೆಲಸಕ್ಕೆ ಹೋದ ತಕ್ಷಣ ಈ ಹುಡುಗಿ ಅದನ್ನ ತಗೊಂಡು ಕೂರೋಳು. ಎಡಚಿ ಬೇರೆ. ಎಡಗೈಯವರು ಸಾಮಾನ್ಯವಾಗಿ ತಂತಿ ಎಲ್ಲ ಬಿಚ್ಚಿ ಉಲ್ಟಾ ಕಟ್ಕೋತಾರೆ, ಆದ್ರೆ ಅಣ್ಣನ ವಾದ್ಯ ಅಣ್ಣನಿಗೆ ಬೇಕಾದ ಹಾಗೇ ಇರಬೇಕಲ್ವಾ, ಅದಕ್ಕೆ ವಾದ್ಯಾನೇ ತಲೆಕೆಳಗೆ ಹಿಡ್ಕೊಂಡು ನುಡಿಸಿದ್ಳು. ಆಮೇಲೆ ಮನೆಗೆಲಸ ಮಾಡಿ ಕೂಡಿಟ್ಟ ದುಡ್ಡಲ್ಲಿ 3.75 ಡಾಲರ್ ಕೊಟ್ಟು ಸ್ವಂತ ಗಿಟಾರ್ ತಗೊಂಡ್ರೂ ಅದೇ ಅಭ್ಯಾಸ ಉಳ್ಕೊಂಡ್ತು. ಎಲ್ರೂ ಹೆಬ್ಬೆರಳಲ್ಲಿ ದಪ್ಪ ತಂತಿ ಮೀಟಿ ಬೆರಳಲ್ಲಿ ಹಾಡು ತೆಗೆದ್ರೆ, ಇವ್ರದ್ದು ಬೆರಳಲ್ಲಿ ದಪ್ಪ ತಂತಿ, ಹೆಬ್ಬೆರಳಲ್ಲಿ ಹಾಡು. ಈಗ ಗಿಟಾರ್ ಕಲಿಯೋರಿಗೆ ಅದು "ಕಾಟನ್ ಪಿಕಿಂಗ್" ಅನ್ನೋ ಒಂದು ಶೈಲಿ.

ಆದ್ರೆ ಚರ್ಚಿನವ್ರು ಇಂಥ ಲೌಕಿಕ ಹಾಡೆಲ್ಲ ಬಿಡಮ್ಮ ಅಂದ್ರು, ಮದುವೆ ಆಯ್ತು, ಮಗಳು ಹುಟ್ಟಿದ್ಳು, ಗಿಟಾರ್ ಬಿಟ್ಟೇಬಿಟ್ರು. ಒಂದೆರಡು ವರ್ಷ ಅಲ್ಲ, ದಶಕಗಳೇ ಹೋದ್ವು. 1940ರ ದಶಕದ ಕೊನೇಲಿ ವಾಷಿಂಗ್ಟನ್ನಿನ ಒಂದು ದೊಡ್ಡ ಅಂಗಡೀಲಿ ಕೆಲಸ ಮಾಡ್ತಿದ್ದಾಗ ದಾರಿ ತಪ್ಪಿದ ಒಂದು ಮಗು ಸಿಕ್ತು, ತಾಯಿ ಹತ್ರ ಸೇರಿಸಿದ್ರು. ಆ ಮಗು ಪೆಗಿ ಸೀಗರ್, ತಾಯಿ ರೂತ್ ಕ್ರಾಫರ್ಡ್ ಸೀಗರ್ ಅನ್ನೋ ಸಂಯೋಜಕಿ. ಅವ್ರ ಮನೆಗೇ ಅಡುಗೆ ಕೆಲಸಕ್ಕೆ ಸೇರ್ಕೊಂಡ್ರು. ಮನೆ ತುಂಬ ವಾದ್ಯಗಳು, ಮನೆಯವ್ರೆಲ್ಲ ಜಾನಪದ ಸಂಗೀತದ ಹುಚ್ಚರು, ಅಡುಗೆಯವ್ರು ಮಾತ್ರ ಬಾಯಿ ಬಿಡ್ಲಿಲ್ಲ. ಒಂದಿನ ಯಾರೂ ಇಲ್ಲ ಅಂತ ಗೋಡೆ ಮೇಲಿದ್ದ ಗಿಟಾರ್ ಇಳಿಸ್ಕೊಂಡು ನುಡಿಸ್ತಿದ್ದಾಗ ಸಿಕ್ಕಿಬಿದ್ರು. ನೋಡಿ, ಅರವತ್ತು ಹತ್ರ ಬಂದ್ರೂ ಕದ್ದೇ ನುಡಿಸೋದು! ಪೆಗಿಯ ಅಣ್ಣ ಮೈಕ್ ಸೀಗರ್ ಅದನ್ನೆಲ್ಲ ಟೇಪಿಗೆ ಹಿಡಿದು, 1958ರಲ್ಲಿ ಫೋಕ್‌ವೇಸ್ ಕಂಪನಿಯಿಂದ ರೆಕಾರ್ಡ್ ಬಂತು. ಗ್ರ್ಯಾಮಿ ಪ್ರಶಸ್ತಿ ಬಂದಿದ್ದು 1985ರಲ್ಲಿ, ಅಷ್ಟೊತ್ತಿಗೆ ಅಜ್ಜಿಗೆ ತೊಂಬತ್ತರ ಆಸುಪಾಸು.

ಮಿಸಿಸಿಪಿ ಜಾನ್ ಹರ್ಟ್ ಕಥೇನೂ ಇದೇ ಜಾತಿದು. ಮಿಸಿಸಿಪಿಯ ಅವಲಾನ್ ಅನ್ನೋ ಪುಟ್ಟ ಊರು. ಅವ್ರಮ್ಮನಿಗೆ ಪರಿಚಯದ ಒಬ್ಬ ಗಿಟಾರ್ ವಾದಕ ಇದ್ದ, ಪಕ್ಕದ ಮನೆಯ ಯಾರನ್ನೋ ಪ್ರೀತಿಸ್ತಿದ್ದ, ಹಂಗಾಗಿ ಆಗಾಗ ಇವ್ರ ಮನೇಲೇ ಉಳ್ಕೋತಿದ್ದ. ಅವನ ಗಿಟಾರನ್ನ ಕದ್ದು ಮೀಟ್ತಿದ್ದ ಒಂಬತ್ತು ವರ್ಷದ ಹುಡುಗ ಹರ್ಟ್. ಯಾರದೋ ಪ್ರೇಮ ಪ್ರಕರಣದಿಂದ ನಮಗೊಬ್ಬ ಹರ್ಟ್ ಸಿಕ್ಕಿದ! 1928ರಲ್ಲಿ ಓಕೆ ಕಂಪನಿಯವ್ರು ಮೆಂಫಿಸ್‌ನಲ್ಲೊಂದ್ಸಲ, ನ್ಯೂಯಾರ್ಕ್‌ನಲ್ಲೊಂದ್ಸಲ ರೆಕಾರ್ಡ್ ಮಾಡಿದ್ರು, ಯಾರೂ ಕೊಳ್ಳಲಿಲ್ಲ, ಇವ್ರು ವಾಪಸ್ ಹೊಲಕ್ಕೆ. ಆಮೇಲೆ 1963ರಲ್ಲಿ ಟಾಮ್ ಹಾಸ್ಕಿನ್ಸ್ ಅನ್ನೋ ಹುಡುಗ, ಹಳೇ ಹಾಡೊಂದರಲ್ಲಿ ಊರಿನ ಹೆಸರಿದೆಯಲ್ಲ ಅಂತ ನಕ್ಷೆ ಹಿಡ್ಕೊಂಡು ಹುಡುಕ್ಕೊಂಡು ಹೋದ್ರೆ ಅಜ್ಜ ಅಲ್ಲೇ ಇದ್ದಾರೆ, ದನ ಮೇಯಿಸ್ಕೊಂಡು. ಅದೇ ವರ್ಷ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಹಾಡಿದ್ರು, ಮೂರು ವರ್ಷಕ್ಕೆ ತೀರ್ಕೊಂಡ್ರು.

ಇಷ್ಟು ಹೇಳಿದ್ರೆ ಅತ್ತೆ "ಓ, ಏಕಲವ್ಯನ ಹಂಗೆ ಅನ್ನು" ಅಂದ್ರು. ಹಂಗಲ್ಲ ಅತ್ತೆ. ಹರ್ಟ್‌ದು, ಕಾಟನ್‌ದು ಎಲ್ಲಾ ಹೆಬ್ಬೆರಳಲ್ಲೇ ನಡೆಯೋ ಆಟ, ಅದನ್ನ ಯಾರಾದ್ರೂ ದಕ್ಷಿಣೆ ಅಂತ ಕೇಳಿದ್ದಿದ್ರೆ ಕೇಳೋಕೆ ನಮಗೆ ಏನೂ ಉಳೀತಿರ್ಲಿಲ್ಲ. ಇನ್ನೊಂದು, ಏಕಲವ್ಯ ಕಾಡಲ್ಲಿ ಒಬ್ಬನೇ ಇದ್ದ. ಇವ್ರಿಗೆ ಮನೆ ತುಂಬ ಜನ. ಈಟಾ ಬೇಕರ್ ಅನ್ನೋ ಗಿಟಾರ್ ವಾದಕಿ ಮೂರು ವರ್ಷದ ಮಗು ಇದ್ದಾಗ ಗಿಟಾರನ್ನ ಮಂಚದ ಮೇಲೆ ಮಲಗಿಸಿ, ಪಕ್ಕದಲ್ಲಿ ನಿಂತ್ಕೊಂಡು ಮೀಟ್ತಿದ್ರಂತೆ, ಹಿಡ್ಕೊಳ್ಳೋಕೆ ಆಗ್ತಿರ್ಲಿಲ್ಲ ಅಂತ. ತೋರಿಸ್ತಿದ್ದಿದ್ದು ಅಪ್ಪ. ಆಕೆ 26 ವರ್ಷ ಬಟ್ಟೆ ಮಿಲ್ಲಲ್ಲಿ ದುಡಿದು, ಅರವತ್ತಕ್ಕೆ ಕೆಲಸ ಬಿಟ್ಟು ಸಂಗೀತಕ್ಕೆ ಬಂದ್ರು. ಫ್ರೆಡ್ ಮೆಕ್‌ಡವೆಲ್ ಅನ್ನೋ ಇನ್ನೊಬ್ಬ ಗಿಟಾರ್ ವಾದಕರಿದ್ರು, ಅವ್ರ ಮಾವ ದನದ ಪಕ್ಕೆಲುಬನ್ನ ಉಜ್ಜಿ ನಯ ಮಾಡಿ ತಂತಿ ಮೇಲೆ ಜಾರಿಸ್ತಿದ್ರು, ಅದನ್ನ ನೋಡೇ ಇವ್ರು ಸ್ಲೈಡ್, ಅಂದ್ರೆ ಹಾಗೆ ಜಾರಿಸಿ ನುಡಿಸೋದನ್ನ, ಕಲಿತಿದ್ದು. ಮೆಕ್‌ಡವೆಲ್‌ನ ನೋಡಿ ಅಕ್ಕಪಕ್ಕದ ಆರ್. ಎಲ್. ಬರ್ನ್‌ಸೈಡ್ ಕಲಿತರು, ಬರ್ನ್‌ಸೈಡ್ ಹಿಂದೆ ಡ್ರಮ್ಸ್ ಬಾರಿಸ್ತಾ ಮೊಮ್ಮಗ ಸೆಡ್ರಿಕ್ ಬೆಳೆದ, ಆ ಸೆಡ್ರಿಕ್‌ಗೆ 2022ರಲ್ಲಿ ಗ್ರ್ಯಾಮಿ ಬಂತು. ಇದು ಪರಂಪರೆ ಅಲ್ದೆ ಮತ್ತೇನು ಹೇಳಿ. ನಮ್ಮ ಕಡೆ ಭಜನೆ ಮನೇಲಿ ಹುಡುಗ್ರು ಮೊದ್ಲು ತಾಳ ಹಿಡಿದು, ಆಮೇಲೆ ಯಾರೋ ನೀರು ಕುಡಿಯೋಕೆ ಎದ್ದು ಹೋದಾಗ ತಬಲಾ ಮುಂದೆ ಕೂರ್ತಾರಲ್ಲ, ಹಾಗೆ.

ವಾದ್ಯ ಇಲ್ದೇ ಇದ್ರೂ ನಡೀತಿತ್ತು. ಮನೆ ಗೋಡೆಗೆ ಎರಡು ಮೊಳೆ ಹೊಡೆದು, ಮಧ್ಯೆ ಒಂದು ತಂತಿ ಬಿಗಿದು, ಕೆಳಗೆ ಬಾಟ್ಲಿ ತೂರಿಸಿದ್ರೆ ಅದೇ ಡಿಡ್ಲಿ ಬೋ. ಎಷ್ಟೋ ಜನ ಶುರು ಮಾಡಿದ್ದು ಅದ್ರಲ್ಲೇ. ತತ್ವಪದದವ್ರ ಏಕತಾರಿ ನೋಡಿದವ್ರಿಗೆ ಒಂದೇ ತಂತೀಲಿ ಏನಾಗುತ್ತೆ ಅಂತ ಬಿಡಿಸಿ ಹೇಳ್ಬೇಕಿಲ್ಲ.

ಇನ್ನು ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್. ನಾಲ್ಕು ದಾರಿ ಕೂಡೋ ಕಡೆ ದೆವ್ವಕ್ಕೆ ಆತ್ಮ ಮಾರಿ ಗಿಟಾರ್ ಕಲಿತ ಅನ್ನೋ ಕಥೆ ಎಲ್ರಿಗೂ ಗೊತ್ತು, ನನಗಂತೂ ಕೇಳಿ ಕೇಳಿ ಸಾಕಾಗಿದೆ. ಅಸಲಿಗೆ ಆತ ಐಕ್ ಜಿಮ್ಮರ್‌ಮನ್ ಅನ್ನೋ ಗಿಟಾರ್ ವಾದಕನ ಮನೇಲಿ ಇದ್ಕೊಂಡು, ರಾತ್ರಿ ಹೊತ್ತು ಗದ್ದಲ ಆಗ್ದಿರ್ಲಿ ಅಂತ ಸ್ಮಶಾನದಲ್ಲಿ ಕೂತು ಅವನ ಜೊತೆ ಸಾಧನೆ ಮಾಡಿದ್ದು. ಪಾಪ, ಆ ಐಕ್‌ಗೆ ಸಿಗಬೇಕಿದ್ದ ಹೆಸರು ದೆವ್ವಕ್ಕೆ ಹೋಯ್ತು.

"ಹಂಗಾದ್ರೆ ಪಾಠ ಅನ್ನೋದೇ ಇಲ್ವೇನೋ?" ಇದೆ ಅತ್ತೆ. ಕಣ್ಣು ಕಾಣದ ರೆವರೆಂಡ್ ಗ್ಯಾರಿ ಡೇವಿಸ್ ನ್ಯೂಯಾರ್ಕ್‌ನಲ್ಲಿ ಐದು ಡಾಲರ್ ತಗೊಂಡು ಪಾಠ ಹೇಳ್ತಿದ್ರು, ಗಂಟೆ ನೋಡ್ತಿರ್ಲಿಲ್ಲ. ಕಾಲೇಜಲ್ಲಿ ಓದ್ಕೊಂಡು ಬಂದವ್ರೂ ಇದಾರೆ. ತಾಜ್ ಮಹಲ್ ಅಂತಾನೇ ಹೆಸರಿಟ್ಕೊಂಡಿರೋ ಬ್ಲೂಸ್ ಗಾಯಕರೊಬ್ರಿದಾರೆ (ನಿಜವಾಗ್ಲೂ, ತಮಾಷೆ ಅಲ್ಲ), ಅವ್ರು ಓದಿದ್ದು ಮಾತ್ರ ಪಶುಸಂಗೋಪನೆ.

ಅತ್ತೆಗೆ ತುಂಬ ಹಿಡಿಸಿದ್ದು ರಿಯಾನನ್ ಗಿಡೆನ್ಸ್. ಓಬರ್ಲಿನ್ ಅನ್ನೋ ದೊಡ್ಡ ಸಂಗೀತ ಶಾಲೇಲಿ ಒಪೆರಾ (ಪಾಶ್ಚಾತ್ಯರ ಸಂಗೀತ ನಾಟಕ) ಕಲಿತಾಕೆ, ಅಂದ್ರೆ ನಮ್ಮಲ್ಲಿ ವಿದ್ವತ್ ಮುಗಿಸಿದ ಹಾಗೆ. ಹಂಗಿದ್ದೂ ಬ್ಯಾಂಜೋ ಹಿಡ್ಕೊಂಡು 2005ರಲ್ಲಿ ಒಂದಿಬ್ಬರು ಗೆಳೆಯರ ಜೊತೆ ಜೋ ಥಾಂಪ್ಸನ್ ಅನ್ನೋ ಪಿಟೀಲಿನ ಅಜ್ಜನ ಮನೆಗೆ ಹೋಗೋಕೆ ಶುರು ಮಾಡಿದ್ರು, ಗುರುವಾರ ಗುರುವಾರ. ಅಜ್ಜನಿಗೆ ಎಂಬತ್ತು ದಾಟಿತ್ತು, ಫರ್ನಿಚರ್ ಫ್ಯಾಕ್ಟರೀಲಿ ಜೀವನ ಸವೆಸಿದವ್ರು, ಅಪ್ಪನಿಂದ ಬಂದ ಹಾಡುಗಳು ಅವ್ರ ಕೈಲಿ ಉಳಿದಿದ್ವು. ಬ್ಯಾಂಜೋ ಮೂಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದವ್ರ ವಾದ್ಯ, ಸೋರೆ ಬುರುಡೇಲಿ ಮಾಡ್ತಿದ್ದಿದ್ದು, ಆದ್ರೆ ಕಪ್ಪುಜನ ಬ್ಯಾಂಜೋ ನುಡಿಸೋದನ್ನ ಊರೇ ಮರೆತು ಕೂತಿತ್ತು. ಆ ಅಜ್ಜ ಸ್ವರ ಬರೆದು ಕೊಡ್ಲಿಲ್ಲ, ತಪ್ಪು ಅಂತ ತಡೀಲಿಲ್ಲ, ನುಡಿಸ್ತಾ ಹೋದ್ರು, ಇವ್ರು ಹಿಂದೆ ಹಿಂದೆ ಹೋದ್ರು. ಆ ಗೆಳೆಯರ ತಂಡ, ಕೆರೊಲೈನಾ ಚಾಕಲೇಟ್ ಡ್ರಾಪ್ಸ್, 2011ರಲ್ಲಿ ಗ್ರ್ಯಾಮಿ ತಗೊಂಡ್ತು. ಗಿಡೆನ್ಸ್‌ಗೆ 2023ರಲ್ಲಿ ಒಂದು ಒಪೆರಾ ಬರೆದಿದ್ದಕ್ಕೆ ಪುಲಿಟ್ಜರ್ ಬಂತು, ಅಲ್ಲಿಗೆ ಓಬರ್ಲಿನ್ನೂ ವೇಸ್ಟ್ ಆಗ್ಲಿಲ್ಲ.

ಕೊನೇದಾಗಿ ಬೆಂಟೋನಿಯಾ. ಮಿಸಿಸಿಪಿಯ ಇನ್ನೊಂದು ಸಣ್ಣ ಊರು, ಅಲ್ಲಿ ಬ್ಲೂ ಫ್ರಂಟ್ ಕೆಫೆ ಅಂತ ಒಂದು ಹಳೇ ಹೋಟ್ಲು, 1948ರಲ್ಲಿ ಶುರುವಾಗಿದ್ದು. ಶುರು ಮಾಡಿದವ್ರ ಮಗ ಜಿಮ್ಮಿ "ಡಕ್" ಹೋಮ್ಸ್ ಅದನ್ನ ನಡೆಸ್ಕೊಂಡು, ಅಲ್ಲೇ ಗಿಟಾರ್ ನುಡಿಸ್ಕೊಂಡು ಇದ್ದಾರೆ. ಮೊದಲ ಆಲ್ಬಂ ಬಂದಿದ್ದೇ ಅರವತ್ತರ ಹೊಸ್ತಿಲಲ್ಲಿ. ಆ ಊರಿನ ಬ್ಲೂಸಿಗೆ ಅದರದ್ದೇ ಒಂದು ಶ್ರುತಿ, ಮೈನರ್‌ನಲ್ಲಿ, ಕೇಳಿದ್ರೆ ಮುಸ್ಸಂಜೆ ಹೊತ್ತಲ್ಲಿ ಒಬ್ಬನೇ ಕೂತ ಹಾಗಿರುತ್ತೆ. ಹೋಮ್ಸ್‌ಗೆ ಅದು ಬಂದಿದ್ದು ಜ್ಯಾಕ್ ಓವೆನ್ಸ್ ಅನ್ನೋ ಹಿರಿಯ ವಾದಕರ ಕೈ ನೋಡಿ ನೋಡಿ, ಅದಕ್ಕೂ ಮೊದ್ಲು ಹೆನ್ರಿ ಸ್ಟಕಿಯಿಂದ. ಸ್ಟಕಿಯ ಒಂದೇ ಒಂದು ರೆಕಾರ್ಡ್ ಇಲ್ಲ. ಆದ್ರೆ ಊರಿನವ್ರೆಲ್ಲ ಬೆರಳು ತೋರಿಸೋದು ಅವನ ಕಡೆಗೇ. ಸ್ಟಕಿ ಹೇಳ್ಕೊಂಡಿದ್ದ ಪ್ರಕಾರ, ಮೊದಲ ಮಹಾಯುದ್ಧಕ್ಕೆ ಫ್ರಾನ್ಸಿಗೆ ಹೋಗಿದ್ದಾಗ ಬಹಾಮಾಸ್ ಕಡೆಯ ಸೈನಿಕರು ಹಾಗೆ ಶ್ರುತಿ ಮಾಡ್ತಿದ್ದಿದ್ದನ್ನ ನೋಡಿ ಕಲ್ಕೊಂಡು ಬಂದಿದ್ದು.

ಇದನ್ನ ಹೇಳಿ ಮುಗಿಸಿ, ಸದ್ಯ ಗುರು ಸಿಕ್ಕಿದ ಅಂತ ನಾನು ಕಾಫಿಗೆ ಕೈ ಹಾಕಿದೆ. ಅತ್ತೆ ಒಂದ್ನಿಮಿಷ ಸುಮ್ನಿದ್ರು.

"ಆ ಬಹಾಮಾಸಿನವ್ರು ಯಾರ ಹತ್ರ ಕಲಿತ್ರೋ?"