ಕನ್ನಡ ಅಂಕಿ, ಸ್ಪೈಕಿಂಗ್ ನೆಟ್‌ವರ್ಕ್, ಬರೀ 100 ಲೇಬಲ್

ಕೈಬರಹದ ಕನ್ನಡ ಅಂಕಿ ಗುರುತಿಸೋಕೆ ಕಟ್ಟುತ್ತಿರುವ ನನ್ನ 400 ನ್ಯೂರಾನ್‌ಗಳ ಸ್ಪೈಕಿಂಗ್ ನೆಟ್‌ವರ್ಕ್ (ಮಿದುಳಿನ ನರಕೋಶಗಳಂತೆ ಸ್ಪೈಕ್, ಅಂದರೆ ಚಿಕ್ಕ ಮಿಡಿತಗಳ ಮೂಲಕ ಕೆಲಸ ಮಾಡುವ ಪ್ರೋಗ್ರಾಂ) ಈಗ ಒಂದು ಹದಕ್ಕೆ ಬಂದಿದೆ. ಡೇಟಾ ಕನ್ನಡ-ಎಮ್‌ನಿಸ್ಟ್, ಅಂದರೆ ವಿನಯ್ ಪ್ರಭು 2019ರಲ್ಲಿ ಹೊರತಂದ ಕೈಬರಹದ ಕನ್ನಡ ಅಂಕಿಗಳು: ಕಲಿಸೋಕೆ 60,000 ಚಿತ್ರ, ಪರೀಕ್ಷೆಗೆ 10,000. ಎಲ್ಲಕ್ಕೂ ಲೇಬಲ್ ಇದೆ, ಅಂದರೆ ಯಾವ ಚಿತ್ರ ಯಾವ ಅಂಕಿ ಅನ್ನೋ ಗುರುತು. ಆದರೂ 100ಕ್ಕಿಂತ ಜಾಸ್ತಿ ಲೇಬಲ್ ಮುಟ್ಟಬಾರದು ಅಂತ ನಾನೇ ಮಿತಿ ಹಾಕಿಕೊಂಡಿದ್ದೇನೆ. ನಿಜವಾದ ಕೆಲಸಗಳಲ್ಲಿ ಚಿತ್ರ ರಾಶಿ ಸಿಗುತ್ತದೆ, ಕೂತು ಲೇಬಲ್ ಹಾಕುವವರು ಸಿಗುವುದಿಲ್ಲ ಅಲ್ವಾ?

ವಿಧಾನ ಸಂಶೋಧಕರಾದ ಡೀಲ್ ಮತ್ತು ಕುಕ್ 2015ರಲ್ಲಿ ತೋರಿಸಿದ್ದು. ಪಿಕ್ಸೆಲ್ ಬೆಳಗಿದಷ್ಟೂ ಸ್ಪೈಕ್ ಜಾಸ್ತಿ. ಒಂದು ಚಿತ್ರ 350 ಮಿಲಿಸೆಕೆಂಡ್ ತೋರಿಸಬೇಕು, ಆಮೇಲೆ 150 ಮಿಲಿಸೆಕೆಂಡ್ ಬಿಡುವು. ನ್ಯೂರಾನ್ ಸಿಡಿಯುವ (ತಾನೂ ಸ್ಪೈಕ್ ಕಳಿಸುವ) ಸ್ವಲ್ಪ ಮೊದಲು ಯಾವ ಪಿಕ್ಸೆಲ್‌ನಿಂದ ಸ್ಪೈಕ್ ಬಂದಿತ್ತೋ ಆ ಕೊಂಡಿ ಬಲವಾಗುತ್ತದೆ, ಎಸ್‌ಟಿಡಿಪಿ ಅನ್ನೋ ಕಲಿಕೆಯ ನಿಯಮ ಇದೇ. ಸಿಡಿದ ನ್ಯೂರಾನ್ ಉಳಿದವನ್ನು ಅದುಮುತ್ತದೆ, ಜೊತೆಗೆ ಅದರ ಥ್ರೆಶೋಲ್ಡ್ (ಸಿಡಿಯೋಕೆ ಮುಟ್ಟಬೇಕಾದ ಮಟ್ಟ) ಏರುತ್ತದೆ, ಹಾಗಾಗಿ ಪ್ರತಿ ಸಲ ಅದೇ ಗೆಲ್ಲೋಕೆ ಆಗಲ್ಲ. ಇಷ್ಟರಲ್ಲಿ ಎಲ್ಲೂ ಲೇಬಲ್ ಬೇಕಿಲ್ಲ. ಕಲಿಕೆ ಮುಗಿದ ಮೇಲೆ ಯಾವ ನ್ಯೂರಾನ್ ಯಾವ ಅಂಕಿಯದು ಅಂತ ಹೆಸರಿಡೋಕೆ ಮಾತ್ರ ಬೇಕು.

ತೊಡಕು ಇರುವುದು ಅಲ್ಲೇ. ಒಂದೊಂದು ನ್ಯೂರಾನ್ ಒಂದೊಂದು ಬರವಣಿಗೆಯ ಶೈಲಿ ಹಿಡಿದಿರುತ್ತದೆ. ಅಂಕಿಗೆ ಹತ್ತರಂತೆ ಚಿತ್ರ ತೋರಿಸಿ ಹೆಸರಿಟ್ಟರೆ ಎಷ್ಟೋ ನ್ಯೂರಾನ್‌ಗಳಿಗೆ ಹೆಸರೇ ಬರುವುದಿಲ್ಲ, ಬಂದವಕ್ಕೂ ಒಂದೇ ಚಿತ್ರದ ಆಧಾರ.

ಈಗ ದಾರಿ ಬದಲಿಸಿದ್ದೇನೆ. ಲೇಬಲ್ ಚಿತ್ರಕ್ಕಲ್ಲ, ನ್ಯೂರಾನ್‌ಗೇ. ಪ್ರತಿ ನ್ಯೂರಾನಿನ 784 ವೇಟ್‌ಗಳನ್ನು (ಪಿಕ್ಸೆಲ್‌ಗೆ ಒಂದರಂತೆ ಕೊಂಡಿಗಳ ಬಲ) 28×28ಕ್ಕೆ ಜೋಡಿಸಿದರೆ ಅದು ಕಲಿತ ಅಂಕಿ ಪರದೆ ಮೇಲೆ ಕಾಣುತ್ತದೆ. ಅತಿ ಹೆಚ್ಚು ಸಿಡಿಯುವ 100 ನ್ಯೂರಾನ್ ಆರಿಸಿ ಕಣ್ಣಾರೆ ನೋಡಿ ಹೆಸರಿಟ್ಟೆ. ಉಳಿದವಕ್ಕೆ, ಹೆಸರಿಟ್ಟ ನ್ಯೂರಾನ್‌ಗಳಲ್ಲಿ ಯಾವುದರ ವೇಟ್‌ಗಳಿಗೆ ಹತ್ತಿರವೋ ಅದರ ಹೆಸರು. ಖರ್ಚಾದದ್ದು ಅದೇ 100 ಲೇಬಲ್, ಆದರೆ ಒಂದು ಹೆಸರು ಆ ಶೈಲಿಯಲ್ಲಿ ಬರೆದ ಅಷ್ಟೂ ಚಿತ್ರಗಳಿಗೆ ಸಲ್ಲುತ್ತದೆ. ಈ ಪ್ರಾಜೆಕ್ಟ್‌ನಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಭಾಗ ಇದು.

೩ ಮತ್ತು ೭, ೬ ಮತ್ತು ೯ ಇನ್ನೂ ಬೆರೆಯುತ್ತಿವೆ. ಎರಡೂ ಅಂಕಿ ಮೆತ್ತಿಕೊಂಡಂತೆ ಕಾಣುವ ನ್ಯೂರಾನ್‌ಗಳಿಗೆ ಹೆಸರಿಡದೆ, ಮತ ಎಣಿಸುವಾಗ (ಸಿಡಿದ ನ್ಯೂರಾನ್‌ಗಳ ಹೆಸರು ನೋಡಿ ಅಂಕಿ ತೀರ್ಮಾನಿಸುವಾಗ) ಹೊರಗಿಡುತ್ತಿದ್ದೇನೆ. ಲೇಬಲ್ ಧಾರಾಳವಾಗಿದ್ದರೆ ಸರೊಗೇಟ್ ಗ್ರೇಡಿಯಂಟ್ (ಲೇಬಲ್ ನೋಡಿ ತಪ್ಪು ತಿದ್ದುತ್ತಾ ಸ್ಪೈಕಿಂಗ್ ನೆಟ್‌ವರ್ಕ್‌ಗೆ ಕಲಿಸುವ) ವಿಧಾನವೇ ಮೇಲು, ಅದರಲ್ಲಿ ಅನುಮಾನ ಇಲ್ಲ.

ಮುಂದೆ ಇದನ್ನೇ, ಕನ್ನಡ-ಎಮ್‌ನಿಸ್ಟ್ ಜೊತೆಗೇ ಬಂದ ಇನ್ನೊಂದು ಕನ್ನಡ ಅಂಕಿಗಳ ಸಂಗ್ರಹ ಡಿಗ್-ಎಮ್‌ನಿಸ್ಟ್‌ನ 10,240 ಚಿತ್ರಗಳ ಮೇಲೆ ಓಡಿಸಬೇಕು. ಅದರಲ್ಲಿ ಬರೆದವರಲ್ಲಿ ಬಹಳ ಜನಕ್ಕೆ ಕನ್ನಡ ಬರವಣಿಗೆ ರೂಢಿ ಇಲ್ಲ, ಹಾಗಾಗಿ ನನ್ನ ನ್ಯೂರಾನ್‌ಗಳು ನೋಡಿರದ ಶೈಲಿಗಳೇ ಜಾಸ್ತಿ ಇರುತ್ತವೆ.